ಅಂಬಾಸಿಡರ್, ಪದ್ಮಿನಿಗೆ ಜಾಕ್ ಕೊಟ್ಟಾಗ ಕಾಣುವ ತೊಂದರೆಗಳು: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಅಂಬಾಸಿಡರ್ ಅಂದರೆ ಲಾರಿಯ ತಮ್ಮ, ಎಲ್ಲಿ ಬೇಕಾದರೂ ಜಾಕ್ ಕೊಡಬಹುದು ಎಂಬ ನಂಬಿಕೆ ಊರೂರಿನಲ್ಲೂ ಇದೆ. ಅದು ತಪ್ಪು. ಅಂಬಾಸಿಡರ್‌ಗಾಗಲಿ ಪದ್ಮಿನಿಗಾಗಲಿ ಲಾರಿಗಿರುವಂಥ ಪ್ರತ್ಯೇಕ ಚಾಸಿ (ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಇಲ್ಲ. ತಳದ ತಗಡು, ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ರನ್ನಿಂಗ್ ಬೋರ್ಡ್, ಅಡ್ಡಕ್ಕೆ ಹಾಯುವ ತೊಲೆಯಂಥ ಅಡ್ಡ ಮೆಂಬರ್‌ಗಳು ಎಲ್ಲವೂ ಬೆಸುಗೆಯಲ್ಲಿ ಒಂದಾಗಿ ಕಾರಿನ ಭಾರ ಹೊರುತ್ತವೆ. ಇವುಗಳಲ್ಲಿ ಒಂದು ತುಕ್ಕು ತಿಂದರೂ ಜಾಕ್ ಕೊಟ್ಟ ಕ್ಷಣದಲ್ಲಿ ಗೊತ್ತಾಗುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಮುಂಬೈ ಕುರ್ಲಾದ ಪದ್ಮಿನಿ ಅದಕ್ಕಿಂತ ಬಹಳ ಮುಂಚೆಯೇ ನಿಂತಿತ್ತು. ಹಾಗಾಗಿ ಈಗ ಮನೆ ಮುಂದೆ ನಿಂತಿರುವುದು ಯಾವುದೇ ಇರಲಿ, ಹತ್ತಾರು ಮಳೆಗಾಲ ಕಂಡ ಕಾರು. ಮಂಗಳೂರು, ಉಡುಪಿ, ಕಾರವಾರದ ಕಡೆಯದಾದರೆ ಉಪ್ಪುಗಾಳಿಯನ್ನೂ ಕುಡಿದಿರುತ್ತದೆ.

ಮನೆಯಲ್ಲಿ ಕಾರು ಎತ್ತುವಾಗ ಕಾಣುವ ದೋಷಗಳಲ್ಲಿ ಅರ್ಧ ಜಾಕಿನವು, ಉಳಿದರ್ಧ ನೆಲದವು ಮತ್ತು ಜಾಕ್ ತಾಗುವ ಕಬ್ಬಿಣದವು. ಮುಂದೆ ಪ್ರತಿ ಲಕ್ಷಣಕ್ಕೂ ಕಾಸಿಲ್ಲದೆ ನೋಡಬಹುದಾದದ್ದನ್ನು ಮೊದಲು ಹೇಳಿ, ಕಷ್ಟದ್ದನ್ನು ಆಮೇಲೆ ಹೇಳಿದೆ.

ಯಾವ ಲಕ್ಷಣ ಹುಡುಕುವಾಗಲೂ ಮುರಿಯಬಾರದ ನಿಯಮ ಒಂದೇ: ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಜಾಕ್ ಇರುವುದು ಎತ್ತಲು, ಹೊರಲು ಇರುವುದು ಸ್ಟ್ಯಾಂಡ್. "ಎರಡೇ ನಿಮಿಷದ ಕೆಲಸ, ಒಂದು ಕ್ಲಿಪ್ ಹಾಕಿ ಬಂದುಬಿಡ್ತೀನಿ" ಎನ್ನುವುದಕ್ಕೂ ಇದೇ ನಿಯಮ.

ಕೈಯಲ್ಲಿ ಇರಬೇಕಾದವು

ಅಂಬಾಸಿಡರ್ 1,100 ಕೆಜಿಗೂ ಮೇಲೆ ತೂಗುತ್ತದೆ, ಪದ್ಮಿನಿ 900 ಕೆಜಿ ಆಸುಪಾಸು. ಒಂದು ತುದಿ ಎತ್ತಿದರೆ ಸುಮಾರು ಅರ್ಧ ಭಾರ ಮೇಲೇಳುತ್ತದೆ. ಎಂಜಿನ್ ಇರುವ ಮುಂದಿನ ತುದಿಗೆ ಸ್ವಲ್ಪ ಹೆಚ್ಚು ಎಂದೇ ಲೆಕ್ಕ ಹಿಡಿಯಿರಿ. 2 ಟನ್ ಟ್ರಾಲಿ ಜಾಕ್ (ಚಕ್ರಗಳ ಮೇಲೆ ಉರುಳುವ, ಉದ್ದ ಹಿಡಿಕೆಯ ಜಾಕ್) ಒಂದು, 2 ಅಥವಾ 3 ಟನ್ ಎಂದು ಬರೆದಿರುವ ಸ್ಟ್ಯಾಂಡ್ ಒಂದು ಜೋಡಿ, ಗಾಲಿಗೆ ಅಡ್ಡ ಕೊಡುವ ನಾಲ್ಕು ಬೆಣೆ, ಒಂದಡಿ ಚೌಕದ 18 ಮಿ.ಮೀ. ಪ್ಲೈವುಡ್ ತುಂಡು ಮೂರು, ಎರಡಿಂಚು ದಪ್ಪದ ಗಟ್ಟಿ ಮರದ ತುಂಡು ಎರಡು. ಇಷ್ಟಿದ್ದರೆ ಮನೆಯ ಕೆಲಸ ಸಾಗುತ್ತದೆ. ಸ್ಟ್ಯಾಂಡ್ ಕೊಳ್ಳುವಾಗ ಆ ಟನ್ ಲೆಕ್ಕ ಒಂದಕ್ಕೋ ಜೋಡಿಗೋ ಎಂದು ಡಬ್ಬದ ಮೇಲೆ ಓದಿ. ಜೋಡಿಗೆ ಎಂದಿದ್ದರೆ ಒಂದರ ತಾಕತ್ತು ಅದರ ಅರ್ಧವೇ.

ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜು ಕಲ್ಲು, ಹಳೇ ರಿಮ್ ಇವು ಯಾವುವೂ ಸ್ಟ್ಯಾಂಡ್ ಅಲ್ಲ. ಬ್ಲಾಕ್ ಮನೆಯ ಗೋಡೆ ಹೊರುತ್ತದೆ ನಿಜ, ಆದರೆ ಆ ಭಾರ ಹಾಸಿನ ಉದ್ದಕ್ಕೂ ಹರಡಿರುತ್ತದೆ. ಕಾರಿನ ಭಾರ ಎರಡಿಂಚಿನ ಜಾಗದಲ್ಲಿ ಕೂರುತ್ತದೆ. ಬ್ಲಾಕ್ ಒಡೆಯುವ ಮೊದಲು ಸದ್ದನ್ನೂ ಮಾಡುವುದಿಲ್ಲ. ಮರ ನರಳುತ್ತದೆ, ನುಗ್ಗಾಗುತ್ತದೆ, ಎದ್ದು ಬರಲು ಸಮಯ ಕೊಡುತ್ತದೆ. ಆದರೆ ಮರವನ್ನೂ ಮಲಗಿಸಿಯೇ ಇಡಬೇಕು, ನಾರು ನೆಲಕ್ಕೆ ಸಮವಾಗಿರಬೇಕು. ಕೊರಡನ್ನು ನಿಲ್ಲಿಸಿಟ್ಟರೆ ಕೊಡಲಿ ಬಿದ್ದ ಸೌದೆಯ ಹಾಗೆ ಎರಡು ಹೋಳಾಗುತ್ತದೆ.

ಲಕ್ಷಣ 1: ಎತ್ತುತ್ತಿದ್ದ ಹಾಗೆ ಕಾರು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ

ಒಂದೆರಡು ಸೆಂಟಿಮೀಟರ್ ಸರಿದರೂ ಅಲ್ಲೇ ನಿಲ್ಲಿಸಿ, ಮೆಲ್ಲಗೆ ಇಳಿಸಿ.

ಮೊದಲು ನೆಲ ನೋಡಿ. ಕಣ್ಣಿಗೆ ಸಮ ಕಂಡರೂ ನಮ್ಮ ಮನೆಗಳ ಮುಂದಿನ ಸಿಮೆಂಟ್ ನೆಲವನ್ನು ಮಳೆನೀರು ಗೇಟಿನ ಕಡೆ ಹರಿಯಲೆಂದು ಓರೆ ಹಾಕಿಯೇ ಮಾಡಿರುತ್ತಾರೆ. ಒಂದು ಚೊಂಬು ನೀರು ಸುರಿದರೆ ಓರೆ ಯಾವ ಕಡೆಗೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನೀರು ನಿಂತಲ್ಲೇ ಹರಡಿದರೆ ಸರಿ, ಓಡಿದರೆ ಬೇರೆ ಜಾಗ ಹುಡುಕಿ.

ಆಮೇಲೆ ಹ್ಯಾಂಡ್ ಬ್ರೇಕ್. ಅಂಬಾಸಿಡರ್‌ನಲ್ಲಿ ಅದು ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ಹಿಂದಿನ ಆಕ್ಸಲ್ ಎತ್ತಿದ ಕ್ಷಣ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ, ಏಕೆಂದರೆ ನೆಲದ ಮೇಲೆ ಉಳಿದದ್ದು ತಡೆಯಿಲ್ಲದ ಮುಂದಿನ ಎರಡು ಗಾಲಿ. ಗಿಯರ್‌ನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಹಿಂದಿನ ಒಂದೇ ಗಾಲಿ ಎತ್ತಿದಾಗ ಡಿಫರೆನ್ಷಿಯಲ್ (ಹಿಂದಿನ ಎರಡು ಗಾಲಿಗೂ ಎಂಜಿನ್ನಿನ ಬಲ ಹಂಚುವ, ಆಕ್ಸಲ್ ನಡುವಿನ ಗುಂಡು) ಒಳಗಿನ ಹಲ್ಲುಗಳು ಗಾಳಿಯಲ್ಲಿರುವ ಗಾಲಿಯನ್ನು ಹಿಂದುಮುಂದಾಗಿ ತಿರುಗಲು ಬಿಡುತ್ತವೆ, ನೆಲದ ಗಾಲಿ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಗಾಲಿಯ ಬದಲು, ಗಿಯರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹಿಡಿಯುವ ಹಳೆಯ ಕಾರುಗಳೂ ಇವೆ, ಅವುಗಳಲ್ಲೂ ಇದೇ ಕಥೆ. ನಿಮ್ಮದು ಯಾವ ಬಗೆ ಎಂದು ಕೇಬಲ್ ಹಿಡಿದುಕೊಂಡು ಹೋಗಿ ಒಮ್ಮೆ ನೋಡಿಬಿಡಿ.

ಆದ್ದರಿಂದ ನೆಚ್ಚಬೇಕಾದದ್ದು ಬೆಣೆಯನ್ನು. ಹಿಂಭಾಗ ಎತ್ತುವುದಾದರೆ ಮುಂದಿನ ಎರಡೂ ಗಾಲಿಗಳ ಹಿಂದೆ ಮುಂದೆ, ಒಟ್ಟು ನಾಲ್ಕು ಬೆಣೆ. ಮುಂಭಾಗ ಎತ್ತುವುದಾದರೆ ಹಿಂದಿನ ಗಾಲಿಗಳಿಗೆ ನಾಲ್ಕು ಬೆಣೆ, ಜೊತೆಗೆ ಹ್ಯಾಂಡ್ ಬ್ರೇಕ್ ಮತ್ತು ಗಿಯರ್. ಬೆಣೆಯನ್ನು ಕಾಲಲ್ಲಿ ಒದ್ದು ಟೈರಿಗೆ ಬಿಗಿಯಾಗಿ ಕೂರಿಸಿ. ಗುಂಡನೆಯ ಕಲ್ಲು ಉರುಳುತ್ತದೆ, ಬೇಡ.

ಇಷ್ಟಾದರೂ ಸರಿಯುತ್ತಿದ್ದರೆ ದೋಷ ಟ್ರಾಲಿ ಜಾಕಿನ ಚಕ್ರಗಳಲ್ಲಿ. ಟ್ರಾಲಿ ಜಾಕಿನ ತೋಳು ನೇರವಾಗಿ ಮೇಲೇಳುವುದಿಲ್ಲ, ಕಮಾನಿನಂತೆ ಏಳುತ್ತದೆ. ತೋಳು ಏರಿದ ಹಾಗೆ ಇಡೀ ಜಾಕ್ ಕಾರಿನಡಿಗೆ ಒಂದಿಷ್ಟು ಉರುಳಿಕೊಳ್ಳಲೇಬೇಕು. ಮಣ್ಣು, ಜಲ್ಲಿ, ಇಂಟರ್‌ಲಾಕ್ ಟೈಲ್ಸಿನ ಸಂದು, ಕಡಪ ಕಲ್ಲಿನ ಜೋಡಣೆ ಇವುಗಳಲ್ಲಿ ಜಾಕಿನ ಪುಟ್ಟ ಕಬ್ಬಿಣದ ಚಕ್ರ ಸಿಕ್ಕಿಕೊಂಡರೆ ಜಾಕ್ ಉರುಳದೆ ಕಾರನ್ನೇ ತನ್ನತ್ತ ಎಳೆಯುತ್ತದೆ, ಇಲ್ಲವೇ ಜಾಕಿನ ತಲೆ ಜಾರುತ್ತದೆ. ಚಕ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ಅಡಿಯಲ್ಲಿ ಜಾಕಿಗಿಂತ ಉದ್ದವಾದ ಬೇರೊಂದು ಪ್ಲೈವುಡ್ ಹಾಸಿ. ಮಣ್ಣಿನ ಅಂಗಳದಲ್ಲಿ ಮಳೆ ಬಂದ ಮರುದಿನ ಈ ಕೆಲಸವನ್ನೇ ಇಟ್ಟುಕೊಳ್ಳಬೇಡಿ.

ಲಕ್ಷಣ 2: ಜಾಕ್ ಪೂರ್ತಿ ಏರಿದರೂ ಗಾಲಿ ನೆಲ ಬಿಡುವುದಿಲ್ಲ

ಇದು ದೋಷವಲ್ಲ, ಜಾಕ್ ಕೊಟ್ಟ ಜಾಗದ ಫಲ. ಕಾರಿನ ಬಾಡಿಯ ಕೆಳಗೆ ಜಾಕ್ ಕೊಟ್ಟರೆ ಮೊದಲು ಬಾಡಿ ಏರುತ್ತದೆ, ಹಿಂದಿನ ಲೀಫ್ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಆಕ್ಸಲನ್ನು ಕೆಳಗೇ ಬಿಡುತ್ತದೆ. ಸ್ಪ್ರಿಂಗ್ ಪೂರ್ತಿ ಜೋತುಬಿದ್ದ ಮೇಲಷ್ಟೇ ಗಾಲಿ ಏಳುವುದು. ಆ ಹೊತ್ತಿಗೆ ಬಾಟಲ್ ಜಾಕಿನ (ಸೀಸೆಯ ಆಕಾರದ, ನೆಟ್ಟಗೆ ಏರುವ ಜಾಕ್) ರಾಡ್ ಮುಗಿದಿರುತ್ತದೆ, ಕಾರು ಓರೆಯಾಗಿ ಪಕ್ಕಕ್ಕೆ ವಾಲಿರುತ್ತದೆ.

ಪಂಕ್ಚರ್, ಬ್ರೇಕ್ ಶೂ, ಡ್ರಮ್ಮಿನ ಕೆಲಸಕ್ಕೆ ಹಿಂದೆ ಆಕ್ಸಲ್ ಟ್ಯೂಬಿಗೇ ಜಾಕ್ ಕೊಡಿ. ಸ್ಪ್ರಿಂಗ್ ಕಟ್ಟಿರುವ ಯು ಬೋಲ್ಟಿನ ಹತ್ತಿರದ ಜಾಗ ಒಳ್ಳೆಯದು. ನಾಲ್ಕು ಸಲ ಒತ್ತುವಷ್ಟರಲ್ಲಿ ಗಾಲಿ ಏಳುತ್ತದೆ. ಕೊಡುವ ಮೊದಲು ಟ್ಯೂಬಿನ ಮೇಲೆ ಬೆರಳಾಡಿಸಿ. ಬ್ರೇಕ್ ಪೈಪು ಆಕ್ಸಲ್ ಉದ್ದಕ್ಕೂ ಅಂಟಿಕೊಂಡು ಹೋಗಿರುತ್ತದೆ, ಹ್ಯಾಂಡ್ ಬ್ರೇಕಿನ ತಂತಿ ಅಲ್ಲೇ ಇರುತ್ತದೆ. ಜಾಕಿನ ತಲೆ ಆ ಪೈಪನ್ನು ಚಪ್ಪಟೆ ಮಾಡಿದರೆ ಅಂದೇ ಗೊತ್ತಾಗುವುದಿಲ್ಲ. ವಾರದ ಮೇಲೆ ಒಂದು ಕಡೆಯ ಬ್ರೇಕ್ ಹಿಡಿಯದೆ ಕಾರು ಎಳೆಯತೊಡಗಿದಾಗ ಎಲ್ಲರೂ ಶೂ ಬದಲಿಸುತ್ತಾರೆ, ಪೈಪ್ ನೋಡುವುದಿಲ್ಲ.

ಟ್ಯೂಬ್ ಗುಂಡಗೆ, ಬಾಟಲ್ ಜಾಕಿನ ತಲೆ ಚಪ್ಪಟೆ. ಎರಡೂ ಎಣ್ಣೆಯಲ್ಲಿ ಮಿಂದಿರುತ್ತವೆ. ಜಾಕಿನ ತಲೆಗೆ ಗುಳಿ ತೋಡಿದ ಮರದ ತುಂಡೋ, ಗ್ಯಾರೇಜಿನಲ್ಲಿ ಮಾಡಿಸಿದ ಇಂಗ್ಲಿಷ್ ವಿ ಆಕಾರದ ಕಬ್ಬಿಣದ ಟೋಪಿಯೋ ಇಡದೆ ಎತ್ತಬೇಡಿ. ಟ್ಯೂಬಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ.

ಎತ್ತರ ಸಾಲದೆ ಬಂದಾಗ ಜಾಕಿನ ಕೆಳಗೆ ಒಂದರ ಮೇಲೊಂದು ಹಲಗೆ ಪೇರಿಸುವ ಚಟ ಬಿಡಿ. ಒಂದೇ ದಪ್ಪ ಹಲಗೆ, ಅದೂ ಜಾಕಿನ ಬುಡಕ್ಕಿಂತ ಎರಡು ಪಟ್ಟು ಅಗಲವಿದ್ದರೆ ಮಾತ್ರ ಸರಿ.

ಮುಂದೆ ಅಂಬಾಸಿಡರ್‌ಗೆ ಟಾರ್ಷನ್ ಬಾರ್ ಸಸ್ಪೆನ್ಷನ್, ಪದ್ಮಿನಿಗೆ ಕಾಯಿಲ್ ಸ್ಪ್ರಿಂಗ್. ಎರಡರಲ್ಲೂ ಎತ್ತಬೇಕಾದದ್ದು ಎಂಜಿನ್ ಕೆಳಗಿನ ದಪ್ಪ ಅಡ್ಡ ಮೆಂಬರ್, ನಡುವೆ ಮರ ಇಟ್ಟು. ಉದ್ದಕ್ಕೆ ಹಿಂದಕ್ಕೆ ಓಡುವ ಟಾರ್ಷನ್ ಬಾರ್ ಕಂಬಿಯ ಹಾಗೆ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದು ಸ್ಪ್ರಿಂಗ್. ಅದರ ಮೇಲಿನ ಒಂದು ಗೀರು ಮುಂದೆ ಬಿರುಕಿಗೆ ದಾರಿ. ಸ್ಟೀರಿಂಗ್ ರ‍್ಯಾಕ್, ಟೈ ರಾಡ್, ಎಂಜಿನ್ ಆಯಿಲ್ ಚೇಂಬರ್ ಇವಕ್ಕೂ ಜಾಕ್ ಮುಟ್ಟಬಾರದು. ಚೇಂಬರ್ ಒಳಕ್ಕೆ ತಗ್ಗಾದರೆ ಆಯಿಲ್ ಹೀರುವ ಜರಡಿಗೆ ಒತ್ತಿ, ಆಯಿಲ್ ಪ್ರೆಷರ್ ಬೀಳುವ ಹೊಸ ಕಾಯಿಲೆ ಶುರುವಾಗುತ್ತದೆ.

ಲಕ್ಷಣ 3: ಹಿಡಿಕೆ ಆಡಿಸಿದರೂ ಜಾಕ್ ಏರುವುದಿಲ್ಲ, ಅಥವಾ ಅರ್ಧಕ್ಕೆ ನಿಲ್ಲುತ್ತದೆ

ಈ ಪರೀಕ್ಷೆಗಳನ್ನು ಕಾರಿನಿಂದ ಹೊರಗೆಳೆದ ಜಾಕಿನಲ್ಲಿ ಮಾಡಿ.

ಜಾಕ್ ಇಳಿಸಲು ಬಿಚ್ಚುವ ರಿಲೀಸ್ ವಾಲ್ವ್ ಪೂರ್ತಿ ಮುಚ್ಚಿಲ್ಲದಿರುವುದೇ ಹೆಚ್ಚಿನ ಸಲ ಕಾರಣ. ಟ್ರಾಲಿ ಜಾಕಿನಲ್ಲಿ ಹಿಡಿಕೆಯನ್ನೇ ಬಲಕ್ಕೆ ತಿರುಗಿಸಿ ಮುಚ್ಚಬೇಕು. ಬಾಟಲ್ ಜಾಕಿನಲ್ಲಿ ಬುಡದ ಸ್ಕ್ರೂ. ಕೈಬಲದ ಬಿಗಿ ಸಾಕು. ಪೈಪ್ ಸೇರಿಸಿ ತಿರುಚಿದರೆ ಒಳಗಿನ ಗುಂಡು ಕೂರುವ ಜಾಗ ಸವೆದು ಅಲ್ಲಿಂದಾಚೆ ಯಾವತ್ತೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಹಿಡಿಕೆ ಸ್ಪಂಜಿನ ಹಾಗೆ ಮೆತ್ತಗಿದ್ದು, ಪ್ರತಿ ಒತ್ತಿಗೆ ಒಂಚೂರೇ ಏರುತ್ತಿದ್ದರೆ ಒಳಗೆ ಗಾಳಿ ಸೇರಿದೆ. ವಾಲ್ವ್ ಬಿಚ್ಚಿ, ತೋಳನ್ನು ಪೂರ್ತಿ ಇಳಿಸಿ, ಭಾರವಿಲ್ಲದೆ ಹತ್ತು ಹದಿನೈದು ಸಲ ಹಿಡಿಕೆಯನ್ನು ತುದಿಯಿಂದ ತುದಿಗೆ ಜೋರಾಗಿ ಆಡಿಸಿ. ಎಣ್ಣೆ ತುಂಬುವ ರಬ್ಬರ್ ಮುಚ್ಚಳವನ್ನು ಒಂದು ಕ್ಷಣ ಸಡಿಲಿಸಿ ಗಾಳಿ ಹೋಗಲು ಬಿಡಿ. ವಾಲ್ವ್ ಮುಚ್ಚಿ ಮತ್ತೆ ನೋಡಿ. ಸ್ವಲ್ಪ ಸುಧಾರಿಸಿದರೆ ಇನ್ನೆರಡು ಸಲ ಮಾಡಿ.

ಮೊದಲರ್ಧ ಚೆನ್ನಾಗಿ ಏರಿ ಮೇಲೆ ನಿಂತುಹೋದರೆ ಎಣ್ಣೆ ಕಡಿಮೆ. ತೋಳು ಪೂರ್ತಿ ಕೆಳಗಿದ್ದಾಗ ಎಣ್ಣೆ ತುಂಬುವ ತೂತಿನ ಕೆಳಗಿನ ಅಂಚಿಗೆ ಎಣ್ಣೆ ಮುಟ್ಟಬೇಕು. ತೋಳು ಮೇಲಿದ್ದಾಗ ತುಂಬಿದರೆ ಇಳಿಸುವಾಗ ಆ ಎಣ್ಣೆಗೆ ಜಾಗವಿಲ್ಲದೆ ಸೀಲ್ ಕಿತ್ತುಕೊಂಡು ಬರುತ್ತದೆ. ಹಾಕಬೇಕಾದದ್ದು ಹೈಡ್ರಾಲಿಕ್ ಜಾಕ್ ಆಯಿಲ್. ಮನೆಯಲ್ಲಿದೆ ಎಂದು ಬ್ರೇಕ್ ಆಯಿಲ್ ಹಾಕುವವರು ಬಹಳ, ಅದೂ "ಹೈಡ್ರಾಲಿಕ್" ತಾನೇ ಎಂಬ ವಾದ ಬೇರೆ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಜಾಕಿನೊಳಗಿನ ಸೀಲುಗಳು ಖನಿಜ ಎಣ್ಣೆಗೆಂದು ಮಾಡಿದ ರಬ್ಬರು. ಅವು ಊದಿ, ಮೆತ್ತಗಾಗಿ, ಒಂದು ದಿನ ಭಾರದಡಿಯೇ ಕೈಕೊಡುತ್ತವೆ. ಹಾಗೆ ಹಾಕಿಯಾಗಿದ್ದರೆ ಎಣ್ಣೆ ಬದಲಿಸಿ ಸುಮ್ಮನಾಗಬೇಡಿ, ಸೀಲ್ ಕಿಟ್ ಪೂರ್ತಿ ಬದಲಿಸಬೇಕು.

ಹಿಡಿಕೆ ಕಲ್ಲಿನ ಹಾಗೆ ಬಿಗಿಯಾಗಿ ಒತ್ತಲೇ ಆಗದಿದ್ದರೆ ಅದು ಜಾಕಿನ ತಾಕತ್ತು ಮೀರಿದ ಭಾರ. ಅಥವಾ ಕಾರು ಎಲ್ಲೋ ಸಿಕ್ಕಿಕೊಂಡಿದೆ. ಹಿಡಿಕೆಗೆ ಪೈಪ್ ಸೇರಿಸಿ ಜಗ್ಗುವ ಬದಲು ಬಗ್ಗಿ ನೋಡಿ. ಸ್ಕ್ರೂ ಜಾಕಿನಲ್ಲಾದರೆ ಗ್ರೀಸ್ ಒಣಗಿರಬಹುದು. ಗ್ರೀಸ್ ಹಾಕಿದರೂ ಸುತ್ತುವಾಗ ಕಟಕಟ ಎಂದು ಜಾರಿದರೆ ಒಳಗಿನ ಥ್ರೆಡ್ ಸವೆದಿದೆ. ಅದನ್ನು ಗುಜರಿಗೆ ಹಾಕಿ. ಯಾರಿಗೂ ಕೊಡಬೇಡಿ.

ಲಕ್ಷಣ 4: ಎತ್ತಿದ ಕಾರು ತಾನಾಗಿ ಇಳಿಯುತ್ತದೆ

ಅಳತೆ ಮಾಡದೆ ಇದನ್ನು ಹೇಳಲಾಗದು. ಗಾಲಿ ನೆಲದಿಂದ ಎರಡಿಂಚು ಬಿಡುವಷ್ಟು ಎತ್ತಿ. ಒಂದಿಂಚು ಕೆಳಗೆ ಸ್ಟ್ಯಾಂಡ್ ಇಟ್ಟು, ಮಡ್‌ಗಾರ್ಡಿನ ಅಂಚಿನಿಂದ ನೆಲಕ್ಕೆ ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಹತ್ತು ನಿಮಿಷ ದೂರ ಕೂತು ಮತ್ತೆ ಅಳೆಯಿರಿ. ಒಂದು ಮಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹೊಸ ಜಾಕ್ ಕೂಡ ಅಷ್ಟು ಇಳಿದೀತು. ಮೂರು ಮಿ.ಮೀ. ದಾಟಿದರೆ ಆ ಜಾಕ್ ರಿಪೇರಿಗೆ.

ಎಣ್ಣೆ ಎಲ್ಲಿ ಕಾಣುತ್ತದೆ ಎಂಬುದು ದೋಷದ ವಿಳಾಸ. ರಾಡಿನ ಸುತ್ತ ಉಂಗುರದ ಹಾಗೆ ಎಣ್ಣೆ ಕಟ್ಟಿದ್ದರೆ ಮೇಲಿನ ಸೀಲ್ ಹೋಗಿದೆ. ರಾಡಿನ ಮೇಲೆ ಉಗುರು ಎಳೆದು ನೋಡಿ. ತುಕ್ಕಿನ ಚುಕ್ಕೆಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲನ್ನೂ ಅದು ಕತ್ತರಿಸುತ್ತದೆ, ಕಿಟ್ ಹಾಕಿದ ಕಾಸು ದಂಡ. ರಿಲೀಸ್ ಸ್ಕ್ರೂ ಬಳಿ ಜಿನುಗಿದರೆ ಅಲ್ಲಿನ ಓ ರಿಂಗ್. ಹೊರಗೆಲ್ಲೂ ಒಂದು ಹನಿ ಇಲ್ಲದೆ ಇಳಿಯುತ್ತಿದ್ದರೆ ಒಳಗೆ ಗುಂಡಿನ ವಾಲ್ವಿನಡಿ ಕಸ ಕೂತಿದೆ. ಹಳೆ ಎಣ್ಣೆ ಬಸಿದು ಹೊಸದು ಹಾಕಿ, ವಾಲ್ವ್ ಬಿಚ್ಚಿ ಆಡಿಸಿದರೆ ಕಸ ಹೋಗುವುದುಂಟು. ಆಮೇಲೂ ಇಳಿದರೆ ಬಿಚ್ಚಿ ನೋಡುವ ಕೆಲಸ ಜಾಕ್ ರಿಪೇರಿಯವರದು. ಎರಡು ಸಲ ಕಿಟ್ ಹಾಕಿಸಿಯೂ ಇಳಿಯುವ ಜಾಕಿಗೆ ಮೂರನೆಯ ಸಲ ಖರ್ಚು ಮಾಡಬೇಡಿ.

ಲಕ್ಷಣ 5: ಜಾಕ್ ಏರುತ್ತದೆ, ಕಾರು ಏರುವುದಿಲ್ಲ; ಕರಕರ ಸದ್ದು; ಬಾಗಿಲು ಸಿಕ್ಕಿಕೊಳ್ಳುತ್ತದೆ

ಹಳೆಯ ಕಾರಿನಲ್ಲಿ ಅತ್ಯಂತ ಗಂಭೀರವಾದ ಲಕ್ಷಣ ಇದು. ಜಾಕ್ ಏರುತ್ತಿದೆ, ಕಾರು ನಿಂತಲ್ಲೇ ಇದೆ ಎಂದರೆ ನಡುವಿನ ಅಂತರವನ್ನು ತಗಡು ನುಂಗುತ್ತಿದೆ. ಒಣಗಿದ ಹಪ್ಪಳ ಮುರಿದಂಥ ಸದ್ದು ಬರುತ್ತದೆ, ಜಾಕಿನ ತಲೆಯ ಮೇಲೆ ಕೆಂಪು ಪುಡಿ ಉದುರುತ್ತದೆ. ಆ ಪುಡಿ ಮಣ್ಣಿರಬಹುದು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಬೆರಳಲ್ಲಿ ತಿಕ್ಕಿ. ಮಣ್ಣು ನುಣ್ಣಗೆ ಪುಡಿಯಾಗುತ್ತದೆ, ತುಕ್ಕಿನ ಚಕ್ಕೆ ಚುಚ್ಚುತ್ತದೆ. ತಕ್ಷಣ ಇಳಿಸಿ.

ಇದನ್ನು ಜಾಕ್ ಕೊಡುವ ಮೊದಲೇ ಹಿಡಿಯಬಹುದು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ರನ್ನಿಂಗ್ ಬೋರ್ಡಿನ ತಳವನ್ನು ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಕೊಳೆತ ತೆಂಗಿನಕಾಯಿಯ ಹಾಗೆ ದಪ್ ಎನ್ನುತ್ತದೆ. ದಪ್ ಎಂದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಒಳಹೋದರೆ ಅಲ್ಲಿ ಬಣ್ಣವೂ ತಾರಿನ ಅಂಡರ್ ಕೋಟಿಂಗೂ ಮಾತ್ರ ಉಳಿದಿವೆ. ಹೊಸದಾಗಿ ಕಪ್ಪು ಕೋಟಿಂಗ್ ಬಳಿದು ಮಾರಾಟಕ್ಕೆ ಬಂದ ಕಾರಾದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ. ಬಾಗಿಲ ಮೂಲೆಗಳ ಕೆಳಗೆ, ಮುಂದಿನ ಮಡ್‌ಗಾರ್ಡಿನ ಹಿಂದೆ, ಹಿಂದಿನ ಸ್ಪ್ರಿಂಗ್ ಬಾಡಿಗೆ ಸೇರುವ ಕೊಂಡಿಯ ಸುತ್ತ ನೀರು, ಕೆಸರು ನಿಲ್ಲುತ್ತದೆ. ತೂತು ಬೀಳುವುದು ಅಲ್ಲಿಂದಲೇ. ಪಕ್ಕಕ್ಕೆ ತೋಳು ತೂರಿಸಿ ಎತ್ತುವ ಹಳೆಯ ಜಾಕ್ ಇದ್ದರೆ, ಅದು ಕೂರುವ ತೂತಿನ ಸುತ್ತಲೂ ಹೀಗೆಯೇ ತಟ್ಟಿ. ಆ ಜಾಕನ್ನು ರಸ್ತೆಯಲ್ಲಿ ಸ್ಟೆಪ್ನಿ ಬದಲಿಸಲು ಇಟ್ಟುಕೊಳ್ಳಿ, ರಿಪೇರಿಗೆ ಬೇಡ.

ಬಾಗಿಲ ಪರೀಕ್ಷೆ ಇನ್ನೂ ಸೂಕ್ಷ್ಮ. ಕಾರು ನೆಲದ ಮೇಲಿರುವಾಗ ಮುಂದಿನ, ಹಿಂದಿನ ಬಾಗಿಲ ನಡುವಿನ ಸಂದನ್ನು ನೋಡಿಕೊಳ್ಳಿ, ಬಾಗಿಲು ಒಮ್ಮೆ ತೆರೆದು ಮುಚ್ಚಿ. ಒಂದು ಮೂಲೆ ನಾಲ್ಕಿಂಚು ಎತ್ತಿದ ಮೇಲೆ ಹೊರಗೇ ನಿಂತು ಆ ಕಡೆಯ ಬಾಗಿಲನ್ನು ಎರಡು ಬೆರಳಲ್ಲಿ ಮೆಲ್ಲಗೆ ತೆಗೆದು ನೋಡಿ, ಎಳೆದಾಡಬೇಡಿ. ಮೊದಲಿನ ಹಾಗೇ ತೆಗೆದುಕೊಂಡರೆ ಬಾಡಿ ಗಟ್ಟಿ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಅಥವಾ ಲಾಕ್ ಸಿಕ್ಕಿಕೊಂಡರೆ, ಕಾರು ನಡುವಿನಲ್ಲಿ ಬಳುಕುತ್ತಿದೆ. ಹೊರಗೆ ಎಷ್ಟೇ ಹೊಳೆದರೂ ರನ್ನಿಂಗ್ ಬೋರ್ಡ್ ಒಳಗಿನ ಪಟ್ಟಿ ಸತ್ತಿದೆ ಎಂದರ್ಥ. ಸಿಕ್ಕಿಕೊಂಡ ಬಾಗಿಲನ್ನು ಹೊಡೆದು ಮುಚ್ಚಬೇಡಿ. ಇಳಿಸಿದ ಮೇಲೆ ಅದು ತಾನೇ ಸರಿಹೋಗುತ್ತದೆ.

ಇಲ್ಲಿಗೆ ಮನೆ ಕೆಲಸ ಮುಗಿಯಿತು. ಮುಂದಿನದು ಟಿಂಕರಿಂಗ್ ಮೇಸ್ತ್ರಿಯದು. ಅವರಲ್ಲೂ ಒಂದು ಮಾತು ಕೇಳಿ: ಹೊಸ ತಗಡನ್ನು ಹಳೆಯ ತುಕ್ಕಿನ ಮೇಲೇ ಮುಚ್ಚಿ ಬೆಸೆಯುತ್ತೀರೋ, ಕೊಳೆತದ್ದನ್ನು ಕತ್ತರಿಸಿ ತೆಗೆದು ಬೆಸೆಯುತ್ತೀರೋ? ಮೊದಲನೆಯದು ಅಗ್ಗ. ಎರಡು ಮಳೆಗಾಲದ ಮೇಲೆ ಜಾಕ್ ಮತ್ತೆ ಅಲ್ಲೇ ಒಳಹೋಗುತ್ತದೆ. ಬೆಸೆಯುವಾಗ ಕಾರನ್ನು ಸಮವಾಗಿ ನಾಲ್ಕೂ ಕಡೆ ಆಧಾರ ಕೊಟ್ಟು ನಿಲ್ಲಿಸಿರಬೇಕು, ಇಲ್ಲವಾದರೆ ಬಳುಕಿದ ಆಕಾರದಲ್ಲೇ ಬೆಸುಗೆ ಕೂತು ಬಾಗಿಲು ಜನ್ಮದಲ್ಲಿ ಸರಿಯಾಗದು. ರಿಪೇರಿ ಆಗುವ ತನಕ ಪಂಕ್ಚರ್ ಬಿದ್ದರೂ ಆಕ್ಸಲ್ ಕೆಳಗೆ, ಮುಂದಿನ ಅಡ್ಡ ಮೆಂಬರ್ ಕೆಳಗೆ ಮಾತ್ರ ಜಾಕ್ ಕೊಡಿ. ಆ ಮೆಂಬರ್‌ಗೂ ಮೊದಲು ಸ್ಕ್ರೂಡ್ರೈವರ್ ಪರೀಕ್ಷೆ ಆಗಲಿ.

ಲಕ್ಷಣ 6: ಸ್ಟ್ಯಾಂಡ್ ಅಲುಗಾಡುತ್ತದೆ, ಒಂದರ ಮೇಲೆ ಭಾರವೇ ಕೂರುವುದಿಲ್ಲ

ಎರಡು ಸ್ಟ್ಯಾಂಡಿನಲ್ಲಿ ಒಂದನ್ನು ಕೈಯಲ್ಲಿ ತಿರುಗಿಸಲು ಬಂದರೆ ಭಾರವೆಲ್ಲ ಇನ್ನೊಂದರ ಮೇಲೆ ಎಂದು ತಿಳಿಯಿರಿ. ಮೊದಲು ಎರಡರಲ್ಲೂ ಎತ್ತರ ಹೊಂದಿಸುವ ಹಲ್ಲು ಎಣಿಸಿ. ಒಂದು ಹಲ್ಲು ಹೆಚ್ಚುಕಡಿಮೆ ಆಗಿರುವುದೇ ಸಾಮಾನ್ಯ ಕಾರಣ. ಹಲ್ಲು ಸರಿಯಿದ್ದರೆ ನೆಲ ಓರೆ. ತಗ್ಗಿನ ಕಡೆಗೆ ಪ್ಲೈವುಡ್ ಕೊಡಿ. ಸ್ಟ್ಯಾಂಡಿನ ನಾಲ್ಕು ಕಾಲೂ ಒಂದೇ ತುಂಡಿನ ಮೇಲಿರಬೇಕು, ಒಂದು ಕಾಲಿಗೆ ಮಾತ್ರ ಚಕ್ಕೆ ಕೊಡುವುದು ಬೇಡ. ಡಾಂಬರಿನ ಮೇಲೆ ಕೆಲಸವಾದರೆ ಪ್ಲೈವುಡ್ ಕಡ್ಡಾಯ. ಬೆಳಿಗ್ಗೆ ಗಟ್ಟಿಯಿದ್ದ ಡಾಂಬರು ಏಪ್ರಿಲ್ ಮಧ್ಯಾಹ್ನ ಮೆತ್ತಗಾಗಿ ಸ್ಟ್ಯಾಂಡಿನ ಕಾಲನ್ನು ಒಳಗೆಳೆದುಕೊಳ್ಳುತ್ತದೆ.

ಹಲ್ಲಿನ ಸ್ಟ್ಯಾಂಡಾದರೆ ಹಲ್ಲನ್ನು ತಡೆದು ಹಿಡಿಯುವ ಸನ್ನೆ ಪೂರ್ತಿ ಕೆಳಗೆ ಬಿದ್ದು ಹಲ್ಲಿನ ಬುಡಕ್ಕೆ ಕೂತಿದೆಯೇ ನೋಡಿ. ತುದಿಯಲ್ಲಷ್ಟೇ ಸಿಕ್ಕಿದ್ದರೆ ಕಾರು ಅಲುಗಿದಾಗ ಜಾರುತ್ತದೆ. ಪಿನ್ ಸ್ಟ್ಯಾಂಡಾದರೆ ಅದರದೇ ಪಿನ್ ಇರಲಿ, ಕಳೆದುಹೋದದ್ದರ ಬದಲು ಯಾವುದೋ ಬೋಲ್ಟ್ ತೂರಿಸಬೇಡಿ. ಬೆಸುಗೆಯ ಗೆರೆಯ ಮೇಲೆ ಬಣ್ಣ ಕೂದಲೆಳೆಯಂತೆ ಬಿರಿದಿದ್ದರೆ ಅದು ಕಬ್ಬಿಣ ಬಿರಿದ ಗುರುತು.

ಭಾರ ಹಾಕುವಾಗ ಜಾಕನ್ನು ಮೆಲ್ಲಗೆ ಇಳಿಸಿ. ಸ್ಟ್ಯಾಂಡಿಗೆ ಭಾರ ಕೂತ ಮೇಲೆ ಬಂಪರಿನ ಬಳಿ, ಕಾರಿನ ಕೆಳಗೆ ಮೈ ಯಾವುದೂ ಇಲ್ಲದಂತೆ ನಿಂತು, ಕಾರನ್ನು ಎರಡೂ ಕಡೆಗೆ ತಳ್ಳಿ. ಬೀಳುವುದಿದ್ದರೆ ಈಗ ಬೀಳಲಿ. ಗಾಲಿ ತೆಗೆದಿದ್ದರೆ ಅದನ್ನೂ ಸ್ಟೆಪ್ನಿಯನ್ನೂ ರನ್ನಿಂಗ್ ಬೋರ್ಡಿನ ಕೆಳಗೆ ಮಲಗಿಸಿಡಿ, ಜಾಕನ್ನು ಭಾರ ತಾಗುವಷ್ಟಕ್ಕೆ ಅಲ್ಲೇ ಬಿಡಿ.

ನಾಲ್ಕೂ ಗಾಲಿ ಎತ್ತುವ ಕೆಲಸವಿದ್ದರೆ ಮುಂದಿನದನ್ನು ಮೊದಲು ಎತ್ತಿ ಸ್ಟ್ಯಾಂಡಿಗೆ ಕೂರಿಸಿ. ಆಗ ಹ್ಯಾಂಡ್ ಬ್ರೇಕ್, ಬೆಣೆ ಎರಡೂ ನಿಮ್ಮ ಕಡೆಗಿರುತ್ತವೆ. ಆಮೇಲೆ ಹಿಂದಿನದು. ಹಿಂದೆ ಏರಿದ ಹಾಗೆ ಕಾರಿನ ಓರೆ ಬದಲಾಗಿ ಮುಂದಿನ ಸ್ಟ್ಯಾಂಡುಗಳ ತಲೆ ಒಂದಿಷ್ಟು ಸರಿದಿರುತ್ತದೆ. ಮತ್ತೆ ಹೋಗಿ ನೋಡದೆ ಕೆಳಗೆ ನುಗ್ಗಬೇಡಿ. ಡಿಫರೆನ್ಷಿಯಲ್ ಗುಂಡಿನ ನಡುವೆ ಜಾಕ್ ಕೊಟ್ಟು ಹಿಂಭಾಗ ಪೂರ್ತಿ ಎತ್ತಿದಾಗ ಕಾರು ಒಂದೇ ಬಿಂದುವಿನ ಮೇಲೆ ತಕ್ಕಡಿಯಂತೆ ನಿಂತಿರುತ್ತದೆ. ಮರದ ತುಂಡು ಇಟ್ಟು, ಡ್ರೇನ್ ಪ್ಲಗ್ ತಪ್ಪಿಸಿ, ಎತ್ತಿದ ಕೂಡಲೇ ಎರಡೂ ಕಡೆ ಆಕ್ಸಲ್ ಟ್ಯೂಬಿಗೆ ಸ್ಟ್ಯಾಂಡ್ ಕೊಡಿ.

ಯಾವಾಗ ಕೈ ಬಿಡಬೇಕು

ಮುಂದಿನ ಸಸ್ಪೆನ್ಷನ್ ಕೈಗಳನ್ನು ಬಿಚ್ಚುವ ಕೆಲಸವಿದ್ದರೆ. ಪದ್ಮಿನಿಯ ಕಾಯಿಲ್ ಸ್ಪ್ರಿಂಗ್ ಅಲ್ಲಿ ಅದುಮಿಕೊಂಡು ಕೂತಿರುತ್ತದೆ, ಅಂಬಾಸಿಡರ್‌ನ ಟಾರ್ಷನ್ ಬಾರ್ ತಿರುಚಿಕೊಂಡು ಕೂತಿರುತ್ತದೆ. ತಪ್ಪು ನಟ್ ಬಿಚ್ಚಿದರೆ ಮೂಳೆ ಮುರಿಯುವಷ್ಟು ಜೋರಿನಲ್ಲಿ ಚಿಮ್ಮುತ್ತವೆ. ಸ್ಪ್ರಿಂಗ್ ಹಿಡಿಯುವ ಟೂಲ್ ಇರುವ ಗ್ಯಾರೇಜಿಗೆ ಬಿಡಿ. ಕಾರು ಓರೆಯಾಗಿದ್ದಾಗ ಪೆಟ್ರೋಲ್ ವಾಸನೆ ಬಂದರೂ ನಿಲ್ಲಿಸಿ. ಲೈಟು, ಗ್ರೈಂಡರ್, ಬೀಡಿ ಎಲ್ಲ ದೂರ.

ಕಾರು ವಾಲತೊಡಗಿದರೆ ತಡೆಯಲು ಕೈ ಕೊಡಬೇಡಿ, ಹಿಂದೆ ಸರಿಯಿರಿ. ಕೆಳಗೆ ಕೆಲಸ ಮಾಡುವಾಗ ಮನೆಯಲ್ಲಿ ಇನ್ನೊಬ್ಬರು ಕೂಗಳತೆಯಲ್ಲಿರಲಿ, ಎರಡನೆಯ ಜಾಕ್ ಕಾರಿನ ಹೊರಗೆ ಅವರ ಕೈಗೆ ಸಿಗುವಂತಿರಲಿ. ಅವರಿಗೆ ಅದನ್ನು ಎಲ್ಲಿ ಕೊಡಬೇಕೆಂದು ಮೊದಲೇ ತೋರಿಸಿಡಿ. ಯಾರಾದರೂ ಸಿಕ್ಕಿಕೊಂಡರೆ ಒಬ್ಬರು 112 ಅಥವಾ 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಜಾಕ್ ಕೊಡಬೇಕು.

ಲಕ್ಷಣ 7: ಇಳಿಸಿದ ಮೇಲೆ ಕಾಣುವವು

ಇಳಿಸುವಾಗ ವಾಲ್ವನ್ನು ಕಾಲು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ. ದಢಾರನೆ ಇಳಿದರೆ ಬೆಣೆ ದಾಟಿ ಕಾರು ಹಾರುತ್ತದೆ. ಗಾಲಿಯ ನಟ್ಟುಗಳನ್ನು ಮೇಲಿದ್ದಾಗ ಕೈಬಿಗಿ ಮಾಡಿ, ಗಾಲಿ ನೆಲಕ್ಕೆ ಕೂತ ಮೇಲೆ ಎದುರುಬದುರಾಗಿ ಪೂರ್ತಿ ಬಿಗಿ ಮಾಡಿ. ಬಿಚ್ಚುವಾಗಲೂ ಹಾಗೇ, ಮೊದಲ ಅರ್ಧ ಸುತ್ತು ನೆಲದ ಮೇಲಿರುವಾಗಲೇ. ಸ್ಟ್ಯಾಂಡಿನ ಮೇಲಿನ ಕಾರಿನಲ್ಲಿ ವೀಲ್ ಸ್ಪ್ಯಾನರ್ ಜಗ್ಗುವುದೆಂದರೆ ಕಾರನ್ನೇ ಜಗ್ಗುವುದು. 50 ಕಿ.ಮೀ. ಓಡಿದ ಮೇಲೆ ನಟ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ಇಳಿಸಿದ ಕೂಡಲೇ ಮುಂಭಾಗ ಎತ್ತರವಾಗಿ, ಗಾಲಿ ಓರೆಯಾಗಿ ನಿಂತರೆ ಗಾಬರಿ ಬೇಡ. ಟೈರು ನೆಲ ಹಿಡಿದುಕೊಂಡಿದೆ. ಹತ್ತಡಿ ಹಿಂದೆ ಮುಂದೆ ಉರುಳಿಸಿ ಬಾನೆಟ್ ಒಮ್ಮೆ ಅದುಮಿದರೆ ಕೂರುತ್ತದೆ. ಅಷ್ಟಾದರೂ ಒಂದು ಕಡೆ ಎತ್ತರವೇ ಉಳಿದರೆ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಶ್‌ಗಳನ್ನು ಗಾಲಿ ಜೋತಾಡುವಾಗ ಬಿಗಿ ಮಾಡಿದ್ದೀರಿ. ಸಡಿಲಿಸಿ, ಕಾರಿನ ಭಾರ ಗಾಲಿಯ ಮೇಲಿರುವಾಗ ಮತ್ತೆ ಬಿಗಿ ಮಾಡಬೇಕು.

ಒಂದು ಕಡೆಯನ್ನು ರಾತ್ರಿಯಿಡೀ ಎತ್ತಿಟ್ಟ ಮೇಲೆ ಇನ್ನೊಂದು ಕಡೆಯ ಹಿಂದಿನ ಬ್ರೇಕ್ ಮಂದವಾದರೆ, ಡ್ರಮ್ಮಿನ ಅಂಚಿನಲ್ಲಿ ಜಿಡ್ಡು ಕಂಡರೆ, ಕ್ರೌನ್ ಆಯಿಲ್ (ಡಿಫರೆನ್ಷಿಯಲ್ ಎಣ್ಣೆ) ತಗ್ಗಿನ ಕಡೆಗೆ ಹರಿದು ಸವೆದ ಆಕ್ಸಲ್ ಸೀಲ್ ದಾಟಿದೆ. ಸೀಲ್ ಬದಲಿಸಿ, ಶೂ ಬದಲಿಸಿ. ಎಣ್ಣೆ ಕುಡಿದ ಶೂ ಮೇಲಿನ ಲೈನರ್ ಪೆಟ್ರೋಲಿನಲ್ಲಿ ತೊಳೆದರೂ ಹಿಡಿಯುವುದಿಲ್ಲ. ಡಿಫರೆನ್ಷಿಯಲ್ ಎಣ್ಣೆಯ ಮಟ್ಟವನ್ನು ಕಾರು ಸಮ ನೆಲದಲ್ಲಿ ನಾಲ್ಕೂ ಗಾಲಿಯ ಮೇಲೆ ನಿಂತಿರುವಾಗ ನೋಡಿ ತುಂಬಿಸಿ.